ಬಸವಂತ್ರಾಯನ ಬೇಸ್ ಡಬ್ಬಿ

ಮೂಡಣ ಇನ್ನೂ ಕಪ್ಪಗಿರುವಾಗಲೇ ಅಯ್ಯಮ್ಮ ನಳಕ್ಕೆ ಕೊಡ ಹಚ್ಚಿದ್ದಳು. ಕೊಡ ತುಂಬುವುದರೊಳಗೆ ಅಂಗಳ ಗುಡಿಸಿ ನೀರು ಚಿಮುಕಿಸಿದ್ದಳು. ಅಂಗಳ ಆರುವುದರೊಳಗೆ ಜೋಳದ ಹಿಟ್ಟು ಸಾಣಿಸಿ, ಎಸರಿಟ್ಟು, ರಾತ್ರಿಯ ಪಾತ್ರೆ ತಿಕ್ಕಿ, ಗಂಡನ ಜಳಕದ ನೀರಿಗೆ ಉರಿ ಹಚ್ಚಿ, ಹಾಲಿನವನ ಕೂಗಿಗೆ ಓಡಿಹೋಗಿ ಬಂದು, ಕುದಿಯುವ ಎಸರಿನ ಹಿಟ್ಟಿಗೆ ಕೈ ಹಾಕಿ ನಾದತೊಡಗಿದ್ದಳು. ಆಮೇಲೆ ಕೋಳಿ ಕೂಗಿತು. ತಡವಾಯಿತೆಂದು ಅದಕ್ಕೂ ನಾಚಿಕೆಯಾಗಿತ್ತೇನೋ, ಒಂದೇ ಸಲ ಕೂಗಿ ಸುಮ್ಮನಾಯಿತು.

ಇದೇ ಹೊತ್ತಿನಲ್ಲಿ ಆಕೆಯ ಗಂಡ ಬಸವಂತ್ರಾಯನೂ ಒಂದು ಕೆಲಸ ಮಾಡಿದ. ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಹೊರಳಿ, ಕಣ್ಣು ಬಿಡದೆಯೇ ಪ್ರತಿಜ್ಞೆ ಮಾಡಿದ!

"ಇವತ್ತ ಈ ಭೀಮರಾಯನಗುಡಿ ಕ್ಯಾಂಪಿಗೆ ಬೇಸ್ ಅಂದ್ರ ಏನಂತ ತೋರಸ್ತೀನಿ. ಆ ಸುರಪುರದ ತಿಮ್ಮಣ್ಣ ಕಿವಿ ಹಿಡಕೊಂಡು ಮನಿಗಿ ಹೋಗ್ಬೇಕು!"

"ಹೋಗ್ಲಿ. ಅವರು ಬರೋದ್ರಾಗ ನೀವು ಎದ್ದು ಹಾಸಿಗಿ ಮಡಚ್ರಿ."

"ಹಾಸಿಗಿ ಯಾರರ ಮಡಚ್ತಾರ. ಬೇಸ್ ಯಾರರ ಹೊಂದಸ್ತಾರೇನು?"

ಹಾಸಿಗೆಯನ್ನು ಮಡಚಿದ ಆ 'ಯಾರರ' ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಬಸವಂತ್ರಾಯ ಕ್ಯಾಂಪಿನ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಕಾಲುವೆಗೆ ನೀರು ಬಿಟ್ಟಾಗ ರೈತರ ತಕರಾರು, ಅರ್ಜಿ, ಕೂಗಾಟ. ನೀರು ಬಂದ್ ಆದಾಗ ಆಫೀಸೇ ಒಣ ಕಾಲುವೆ. ಅದರಲ್ಲಿ ಹರಿಯುವುದು ಮೊಬೈಲಿನ ವಿಡಿಯೊ ಮಾತ್ರ. ಹಾಗೆ ಹರಿದುಬಂದ ಜ್ಞಾನವೇ ಇದು: ಅಗ್ಗದ ಬುಕ್‌ಶೆಲ್ಫ್ ಸ್ಪೀಕರಿಗೆ ಸರಿಯಾದ ಆಂಪ್ಲಿಫೈಯರ್, ಸರಿಯಾದ ಸಬ್‌ವೂಫರ್ ಹೊಂದಿಸಿದರೆ ಶ್ರೀಮಂತರ ಸೆಟ್ಟು ಅದರ ಮುಂದೆ ನೀರು ಹೊರಬೇಕು! ತಿಮ್ಮಣ್ಣ ಅದೇ ಆಫೀಸಿನವನು. ತನ್ನ ಹೋಮ್ ಥಿಯೇಟರಿನ ಗುಣಗಾನವನ್ನು ದಿನಾ ಚಹಾದ ಜೊತೆ ಹಂಚುತ್ತಿದ್ದ. ಅವನ ಬಾಯಿ ಮುಚ್ಚಿಸುವುದು ಬಸವಂತ್ರಾಯನ ಜೀವನದ ಗುರಿಯಾಗಿತ್ತು.

ಕೆಲವು ವಾರಗಳ ಹಿಂದೆ ಮೊದಲು ಸ್ಪೀಕರು ಬಂದಿದ್ದವು. ಹೆಸರು ಬುಕ್‌ಶೆಲ್ಫ್, ಮನೆಯಲ್ಲಿ ಬುಕ್ಕೂ ಇಲ್ಲ, ಶೆಲ್ಫೂ ಇಲ್ಲ! ಇದ್ದದ್ದು ಅಯ್ಯಮ್ಮ ಬೇಳೆ ಡಬ್ಬಿ ಇಡುತ್ತಿದ್ದ ಗೋಡೆಯ ಹಲಗೆ. ಡಬ್ಬಿಗಳು ಮಂಚದ ಕೆಳಗೆ ಹೋದವು. ಬಸವಂತ್ರಾಯ ಮೊಬೈಲಿನ ವೈರು ಸ್ಪೀಕರಿಗೆ ಸಿಕ್ಕಿಸಿ, ಕಣ್ಣು ಮುಚ್ಚಿ, ತಲೆ ತೂಗಲು ಸಿದ್ಧನಾಗಿ ಕುಳಿತ. ಸ್ಪೀಕರಿನಿಂದ ಉಸಿರೂ ಇಲ್ಲ.

"ಇವು ಮೂಗ ಅದಾವೇನ್ರಿ?" ಎಂದಳು ಅಯ್ಯಮ್ಮ, ಮಂಚದ ಕೆಳಗಿನಿಂದ. ತೊಗರಿಬೇಳೆ ಹುಡುಕುತ್ತಿದ್ದಳು.

"ಇವಕ್ಕ ಆಂಪ್ಲಿಫೈಯರ್ ಬೇಕಾಗ್ತದ. ಅದು ಡ್ಯಾಮ್ ಇದ್ದಂಗ, ಇವು ಕಾಲುವಿ ಇದ್ದಂಗ. ಡ್ಯಾಮ್ ಇಲ್ದ ಕಾಲುವಿಗೆ ನೀರು ಎಲ್ಲಿಂದ ಬರಬೇಕು?"

"ಹಂಗಾದ್ರ ಡ್ಯಾಮ್ ಕಟ್ಟೋಕಿಂತ ಮೊದ್ಲ ಕಾಲುವಿ ಯಾಕ ತೋಡಿದ್ರಿ?"

ಇಂಥ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸುವುದು ಗುಮಾಸ್ತರ ಕೆಲಸವಲ್ಲ. ಅವನು ಯಾದಗಿರಿಗೆ ಹೋಗಿ ರಾಜಾಸಾಬನ ಅಂಗಡಿಯಿಂದ ಆಂಪ್ಲಿಫೈಯರ್ ತಂದ. ಸ್ಪೀಕರು ಮಾತಾಡಿದವು, ನಿಜ. ಆದರೆ ದನಿ ನೆಗಡಿ ಬಂದವರ ಹಾಗೆ ಮೂಗಿನಲ್ಲೇ ಉಳಿಯಿತು. ಎದೆಗೆ ಗುದ್ದುವ ಬೇಸ್ ಇಲ್ಲ! ಮತ್ತೆ ಯಾದಗಿರಿ, ಮತ್ತೆ ರಾಜಾಸಾಬ. ಈ ಸಲ ಬಂದದ್ದು ಸಬ್‌ವೂಫರ್. ಕಪ್ಪು ಡಬ್ಬಿ, ಒಂದು ಎಳೆಗರುವಿನಷ್ಟು ದೊಡ್ಡದು.

"ಹಾಡಿನಾಗಿನ ಮ್ಯಾಲಿನ ದನಿ ಸಣ್ಣ ಸ್ಪೀಕರಿಗೆ ಹೋಗ್ತದ, ಕೆಳಗಿನ ಭಾರ ಎಲ್ಲಾ ಈ ಡಬ್ಬಿಗಿ," ಎಂದು ಬಸವಂತ್ರಾಯ ಪಾಠ ಮಾಡಿದ. "ಇದು ಭಾರ ಹೊತ್ತುಕೊಂಡ್ರ, ಅವು ಹಗುರಾಗಿ ಹಾಡ್ತಾವು. ಮ್ಯಾಚಿಂಗ್ ಅಂದ್ರ ಇದು. ತಿಳೀತೇನು?"

"ತಿಳೀದೇನ್ರಿ. ಮದಿವ್ಯಾದಾಗಿನಿಂದ ನೋಡಾಕತ್ತೀನಲ್ಲ."

ಬಸವಂತ್ರಾಯನಿಗೆ ತಿಳಿಯಲಿಲ್ಲ. ಅವನು ಮೂಲೆ ಹುಡುಕುತ್ತಿದ್ದ. ಸಬ್‌ವೂಫರನ್ನು ಮೂಲೆಯಲ್ಲಿಟ್ಟರೆ ಬೇಸ್ ಹೆಚ್ಚುತ್ತದೆಂದು ವಿಡಿಯೊದವನು ಹೇಳಿದ್ದನಲ್ಲ!

ಕ್ವಾರ್ಟರ್ಸಿನ ಪಡಸಾಲೆಗೆ ಇದ್ದದ್ದು ಒಂದೇ ಖಾಲಿ ಮೂಲೆ. ಖಾಲಿ ಎಂದದ್ದು ಬಸವಂತ್ರಾಯ. ಆ ಮೂಲೆ ಅಯ್ಯಮ್ಮನ ಕಾರ್ಖಾನೆಯಾಗಿತ್ತು. ಕಿಟಕಿಯ ಗಾಳಿ, ಒಂದು ಒಂಟಿ ಒಲೆ, ರೊಟ್ಟಿ ಬಡಿಯುವ ಮಣೆ, ಆರಲು ಹರವಿದ ಬಟ್ಟೆಯ ಮೇಲೆ ಹುಣ್ಣಿಮೆ ಚಂದ್ರನಂಥ, ಒಣಗಿದರೆ ಕಟಕ್ಕನೆ ಮುರಿಯುವ ಕಟಕ ರೊಟ್ಟಿ. ಶಹಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ರೊಟ್ಟಿ ಅಂಗಡಿ ಇಟ್ಟ ಮುನ್ನಿಬೀ ಅವನ್ನು ಒಯ್ಯುತ್ತಿದ್ದಳು. ಡಬ್ಬಿ ಬಂದ ದಿನವೇ ಕಾರ್ಖಾನೆ ಅಡುಗೆಮನೆಗೆ ಎತ್ತಂಗಡಿಯಾಯಿತು. ಅಡುಗೆಮನೆಯೆಂದರೆ ಒಬ್ಬರು ಕುಳಿತರೆ ಇನ್ನೊಬ್ಬರು ಗೋಡೆಯೊಳಗೇ ನಿಲ್ಲಬೇಕು. ಗಾಳಿಯಿಲ್ಲ. ರೊಟ್ಟಿ ಒಣಗದೆ ಚಪ್ಪಲಿ ತೊಗಲಿನ ಹಾಗೆ ಮೆತ್ತಗಾಗತೊಡಗಿತು.

ಮುನ್ನಿಬೀ ರೊಟ್ಟಿಯನ್ನು ಮುರಿದು ನೋಡಿದ್ದಳು. ಅದು ಮುರಿಯದೆ ಬಾಗಿತ್ತು.

"ದೇಖ್ ಅಯ್ಯಮ್ಮಾ, ನಿನ್ನ ಕೈ ಚೊಲೋ, ಜಾಗಾ ಖರಾಬ್. ಅಂಗಡಿ ದೊಡ್ಡದು ಮಾಡಾಕತ್ತೀನಿ, ದಿನಾ ಈಗಿನ ಎರಡರಷ್ಟು ರೊಟ್ಟಿ ಬೇಕು. ಐತವಾರ ಬರ್ತೀನಿ. ಆ ಕಿಟಕಿ ಮೂಲಿ ನಿನಗ ವಾಪಸ್ ಸಿಕ್ರ ಆರ್ಡರ್ ನಿಂದು. ಸಿಗಲಿಲ್ಲಂದ್ರ ನಾ ಬ್ಯಾರೆ ಕಡೆ ಹೇಳ್ತೀನಿ. ಮನಸಿಗಿ ಹಚ್ಕೋಬ್ಯಾಡ."

ಅಯ್ಯಮ್ಮ ಗಂಡನಿಗೆ ಹೇಳಿದಳು. ಬೇಡಿದಳು. ಬೈದೂ ನೋಡಿದಳು.

"ಮೂಲಿ ಬಿಟ್ರ ಬೇಸ್ ಹೋಗ್ತದ!" ಎಂದಿದ್ದ ಅವನು, ಪ್ರಾಣ ಹೋಗುತ್ತದೆ ಎನ್ನುವ ಧಾಟಿಯಲ್ಲಿ.

ಆ ಐತವಾರವೇ ಇವತ್ತು. ಮುನ್ನಿಬೀಯೂ ಬರುವವಳಿದ್ದಳು; ತಿಮ್ಮಣ್ಣನೂ, ಆಫೀಸಿನ ಸಾಹೇಬ ಅಂಬ್ರಪ್ಪನೂ ಬೇಸ್ ಕೇಳಲು ಬರುವವರಿದ್ದರು.

"ಅವರಿಗೆ ಉಪ್ಪಿಟ್ಟು ಮಾಡು. ಜೊತಿಗಿ ಶೇಂಗಾ ಚಟ್ನಿ," ಎಂದು ಅಪ್ಪಣೆಯಾಯಿತು.

"ಚಟ್ನಿ ಎಲ್ಲಿ ರುಬ್ಬಲಿ? ಮಿಕ್ಸಿ ಹಚ್ಚೋ ಜಾಗದಾಗ ನಿಮ್ಮ ಡಬ್ಬಿ ವೈರ್ ಅದ."

ಪಡಸಾಲೆಯ ಒಂದೇ ಪ್ಲಗ್ಗು ಆಂಪ್ಲಿಫೈಯರಿಗೆ ಹೋಗಿತ್ತು. ಹಾಗಾಗಿ ಸಬ್‌ವೂಫರಿನ ವೈರು ಬಾಗಿಲ ಸಂದಿಯಿಂದ ಅಡುಗೆಮನೆಗೆ ಬಂದು ಮಿಕ್ಸಿಯ ಪ್ಲಗ್ಗಿನಲ್ಲಿ ಬೀಡುಬಿಟ್ಟಿತ್ತು. ಬಸವಂತ್ರಾಯ ಸಿಡಿಮಿಡಿಗೊಂಡು ಬಂದು, ಡಬ್ಬಿಯ ವೈರನ್ನು ತಾನೇ ಕಿತ್ತು ಮಿಕ್ಸಿಯದನ್ನು ಸಿಕ್ಕಿಸಿದ.

"ಜಲ್ದಿ ರುಬ್ಬು. ಆಮ್ಯಾಲ ನಾನ ಹಾಕ್ತೀನಿ. ನೀ ಮುಟ್ಟಬ್ಯಾಡ, ನಿನಗ ತಿಳಿಯಂಗಿಲ್ಲ. ಮತ್ತ ಕೇಳು, ಸಾಹೇಬರು ಕುಂತಾಗ ರೊಟ್ಟಿ ಬಡಿಯೋದು ಬಂದ್. ಹಾಡಿನಾಗ ನಿನ್ನ ಧಪಧಪ ಕೇಳಬಾರ್ದು."

"ಮುನ್ನಿಬೀ ಬರ್ತಾಳ್ರಿ, ಹಿಟ್ಟು ನಾದೀನಿ."

"ಹಂಗಾದ್ರ ಮೆಲ್ಲಗ ಬಡಿ."

"ಮೆಲ್ಲಗ ಬಡದ್ರ ಅದು ರೊಟ್ಟಿ ಆಗಂಗಿಲ್ಲ, ನಿಮ್ಮ ಆಫೀಸಿನ ಕೆಲಸ ಆಗ್ತದ!"

ಉತ್ತರ ಕೊಡುವುದರೊಳಗೆ ಹೊರಗೆ ಮೋಟರ್‌ಸೈಕಲ್ಲು ನಿಂತಿತು. "ಬರ್ರಿ ಸಾಹೇಬ್ರ, ಬರ್ರಿ!" ಎಂದು ಬಸವಂತ್ರಾಯ ಓಡಿದ. ಡಬ್ಬಿಯ ವೈರು ನೆಲದ ಮೇಲೆ ಸತ್ತ ಹಾವಿನಂತೆ ಬಿದ್ದುಕೊಂಡಿತು. ಡಬ್ಬಿಗೆ ಕರೆಂಟ್ ಇದೆಯೆಂದು ತೋರಿಸುವ ದೀಪ ಅದರ ಬೆನ್ನಿಗಿತ್ತು, ಬೆನ್ನು ಗೋಡೆಗಿತ್ತು. ಯಾರಿಗೆ ಕಾಣಬೇಕು?

ಉಪ್ಪಿಟ್ಟು ಹೊರಗೆ ಹೋಯಿತು. ಅಯ್ಯಮ್ಮ ಬಾಗಿಲು ಎಳೆದುಕೊಂಡು ಮಣೆಯ ಮುಂದೆ ಕುಳಿತಳು. ಗೋಡೆಯ ಈ ಕಡೆ ಮಣೆ; ಆ ಕಡೆ ಸರಿಯಾಗಿ ಡಬ್ಬಿ. ನಡುವೆ ಗುತ್ತಿಗೆದಾರ ಕಟ್ಟಿಸಿದ ತೆಳ್ಳನೆಯ ಗೋಡೆ, ಅಂದರೆ ಸುಣ್ಣ ಬಳಿದ ನಂಬಿಕೆ.

ಹಾಡು ಶುರುವಾಯಿತು. ಕೈಗೆ ತಾಳ ಸಿಕ್ಕರೆ ಯಾವ ರೊಟ್ಟಿ ಬಡಿಯುವ ಹೆಂಗಸು ಬಿಡುತ್ತಾಳೆ? ಧಪ್ ಧಪ್, ಧಪಾಧಪ್!

"ಆಹಾ!" ಎಂದ ಅಂಬ್ರಪ್ಪ. "ಏನ್ ಬೇಸ್ ಬಸವಂತ್ರಾಯ! ಎದಿಯಾಗ ಬಡದಂಗ ಆಗ್ತದ!"

"ಮೂಲಿ ಮಹಿಮಾ ರೀ ಸಾಹೇಬ್ರ. ಆಂಪ್ಲಿಫೈಯರ್, ಸ್ಪೀಕರ್, ಸಬ್‌ವೂಫರ್, ಮೂರೂ ಮ್ಯಾಚ್ ಆಗಬೇಕ್ರಿ. ಆ ಹೊಂದಾಣಿಕಿ ಎಲ್ಲರಿಗೂ ಬರಂಗಿಲ್ಲ."

ತಿಮ್ಮಣ್ಣ ಉಪ್ಪಿಟ್ಟು ನುಂಗಲಾರದೆ ಕುಳಿತ. ಅಯ್ಯಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. ಬೇಸ್ ನಿಂತಿತು.

"ಈಗ ಎಲ್ಲಿ ಹೋಯ್ತೋ?" ತಿಮ್ಮಣ್ಣ ಜಿಗಿದ.

ಬಸವಂತ್ರಾಯ ಆಂಪ್ಲಿಫೈಯರಿನ ಗುಂಡಿ ತಿರುವಿದ. ಅಷ್ಟರಲ್ಲಿ ಒಳಗೆ ಇನ್ನೊಂದು ಉಂಡೆ ಮಣೆಗೆ ಬಿತ್ತು. ಧಪ್!

"ಬಂತಲ್ಲ! ನಡುವ ಉಸಿರು ತಗೊಳ್ತದೋ ಮಾರಾಯ. ಸುಮ್ಮ ಗುದ್ದಾಕ ಅದೇನು ನಿನ್ನ ಹೋಮ್ ಥಿಯೇಟರ್ ಏನು?"

ಹಾಡು ಮುಗಿಯಿತು. ಬೇಸ್ ಮುಗಿಯಲಿಲ್ಲ. ಧಪ್, ಧಪ್, ಧಪ್. ಸಾಹೇಬರ ಚಮಚೆ ಬಾಯಿಯ ಹತ್ತಿರವೇ ನಿಂತಿತು.

"ಕ್ವಾಲಿಟಿ ಬೇಸ್ ಅಂದ್ರ ಹಂಗ್ರಿ," ಎಂದ ಬಸವಂತ್ರಾಯ ಹಣೆ ಒರೆಸಿಕೊಂಡು. "ಹಾಡು ಮುಗದ್ರೂ ಅದರ ಕೆಲಸ ಮುಗಿಯಂಗಿಲ್ಲ."

ಮದುವೆಯಾದ ಮೇಲೆ ಅವನು ಆಡಿದ ಅತ್ಯಂತ ಸತ್ಯವಾದ ಮಾತು ಅದು. ಯಾರ ಬಗ್ಗೆ ಆಡಿದ್ದೆಂದು ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಮುನ್ನಿಬೀ ಹಿತ್ತಲ ಬಾಗಿಲಿನಿಂದ ಬಂದು ಹೊಸ್ತಿಲ ಮೇಲೆ ಕುಳಿತಿದ್ದಳು. ಗೋಡೆಯಾಚೆಯ ಹೊಗಳಿಕೆ ಕೇಳಿದಳು, ಅಯ್ಯಮ್ಮನ ಕೈ ನೋಡಿದಳು, ನೆಲದ ಮೇಲಿನ ವೈರು ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡಳು.

"ಯಾ ಅಲ್ಲಾ! ಅಯ್ಯಮ್ಮಾ, ಆ ಮಂದಿ ತಾರೀಫ್ ಮಾಡಾಕತ್ತಿದ್ದು ಡಬ್ಬಿದಲ್ಲ, ನಿನ್ನ ಅಂಗೈದು!"

ಅಯ್ಯಮ್ಮ ವೈರು ನೋಡಿದಳು. ತನ್ನ ಕೈ ನೋಡಿಕೊಂಡಳು. ಪರೀಕ್ಷೆಗೆಂದು ಒಮ್ಮೆ ಬಡಿದಳು. "ಆಹಾ!" ಎಂದಿತು ಪಡಸಾಲೆ. ಬಡಿಯದೆ ಕುಳಿತಳು. "ಅಯ್ಯ, ಹೋಯ್ತಲ್ಲ!" ಎಂದಿತು. ಇಷ್ಟು ವರ್ಷ ರೊಟ್ಟಿ ಬಡಿದರೂ ಆ ಪಡಸಾಲೆಯಿಂದ ಒಂದು 'ಆಹಾ' ಬಂದಿರಲಿಲ್ಲ. ಇವತ್ತು ಬಂದದ್ದೂ ಡಬ್ಬಿಯ ಹೆಸರಿಗೆ!

"ಬಸವಂತ್ರಾಯ," ಅಂಬ್ರಪ್ಪನ ದನಿ ಕೇಳಿತು, "ಈ ಡಬ್ಬಿ ನನಗ ಬೇಕು. ಇನ್ನೊಂದು ಹಾಡು ಹಚ್ಚು. ಅದಕ್ಕೂ ಹಿಂಗ ಬಡೀತಂದ್ರ ಈಗ ಇಲ್ಲಿಂದ ಒಯ್ತೀನಿ."

"ಸಾಹೇಬ್ರು ಕೇಳಿದ್ಮ್ಯಾಗ ಇಲ್ಲ ಅನ್ನಾಕ ಆಗ್ತದೇನ್ರಿ?" ಎಂದ ಬಸವಂತ್ರಾಯ. ಅರ್ಧ ಅಳು, ಅರ್ಧ ಹೆಮ್ಮೆ.

ಮುನ್ನಿಬೀ ಅಯ್ಯಮ್ಮನ ರಟ್ಟೆ ಹಿಡಿದಳು. "ಬಡಿ! ಗಟ್ಟಿ ಬಡಿ! ಪೀಡಾ ಮನಿ ಬಿಟ್ಟು ಹೋಗ್ಲಿ, ನಿನ್ನ ಮೂಲಿ ನಿನಗ, ಆರ್ಡರ್ ಭೀ ನಿನಗ!"

ಅಯ್ಯಮ್ಮನ ಕೈ ಎದ್ದಿತ್ತು. ಬುಟ್ಟಿಯಲ್ಲಿ ಕೊನೆಯ ಉಂಡೆ ಒಂದೇ ಉಳಿದಿತ್ತು. ಅಷ್ಟರಲ್ಲಿ ತಿಮ್ಮಣ್ಣ ಹೊಟ್ಟೆಕಿಚ್ಚಿನಿಂದ ಕೇಳಿದ, "ಸಾಹೇಬ್ರ, ನಿಮ್ಮ ಮನ್ಯಾಗ ಮೂಲಿ ಎಲ್ಲದರಿ?"

"ಅದಕ್ಕೇನು? ಸುಂದ್ರಮ್ಮ ಕಿಟಕಿ ಕಡೆ ಹೊಲಿಗಿ ಮಿಷಿನ್ ಇಟ್ಕೊಂಡಾಳ. ಅದನ್ನ ಹಿಂದಿನ ಕ್ವಾಣ್ಯಾಗ ತಳ್ಳಿದ್ರಾಯ್ತು. ಬಟ್ಟಿ ಎಲ್ಲಿ ಕುಂತ್ರೂ ಹೊಲೀಬಹುದು."

ಎದ್ದ ಕೈ ಹಾಗೇ ನಿಂತಿತು.

ಸಾಹೇಬರ ಹೆಂಡತಿ ಸುಂದ್ರಮ್ಮನ ಮಿಷಿನ್ನು ಅಯ್ಯಮ್ಮ ನೋಡಿದ್ದಳು. ಕ್ಯಾಂಪಿನ ಅರ್ಧ ಹೆಂಗಸರ ಕುಪ್ಪಸ ಅಲ್ಲಿ ಹೊಲಿಗೆಯಾಗುತ್ತಿದ್ದವು. ಆ ಹಿಂದಿನ ಕೋಣೆಯನ್ನೂ ನೋಡಿದ್ದಳು. ಹಗಲೊತ್ತು ಸೂಜಿಗೆ ದಾರ ಪೋಣಿಸಬೇಕೆಂದರೂ ಅಲ್ಲಿ ದೀಪ ಹಚ್ಚಬೇಕು. ಡಬ್ಬಿಗೇನು, ಯಾದಗಿರಿಯಿಂದ ಶಹಾಪುರದವರೆಗೆ ಮೂಲೆಗಳಿಗೆ ಬರವೇ? ಪ್ರತಿ ಮೂಲೆಯಲ್ಲೂ ಯಾರೋ ಒಬ್ಬಳು ಕುಳಿತು ಏನೋ ಮಾಡುತ್ತಿರುತ್ತಾಳೆ, ಮನೆಯವರು ಮಾತ್ರ ಅದನ್ನು ಖಾಲಿ ಅನ್ನುತ್ತಾರೆ.

ಪಡಸಾಲೆಯಲ್ಲಿ ಹೊಸ ಹಾಡು ಶುರುವಾಯಿತು. ಬೇಸ್ ಇಲ್ಲ.

"ಬಡಿಯೇ!" ಎಂದಳು ಮುನ್ನಿಬೀ.

"ಬಸವಂತ್ರಾಯ, ಬೇಸ್ ಎಲ್ಲಪ್ಪಾ?" ಎಂದ ಅಂಬ್ರಪ್ಪ.

ಬಸವಂತ್ರಾಯ ಒಂದು ಗುಂಡಿ ತಿರುವಿದ, ಇನ್ನೊಂದು ತಿರುವಿದ, ಸಬ್‌ವೂಫರಿನ ನೆತ್ತಿಗೆ ಮೆಲ್ಲಗೆ ಒಂದು ಏಟು ಕೊಟ್ಟ. ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಾಯಿ ಹಚ್ಚಿ, "ಅಯ್ಯಮ್ಮಾ, ಏನರ ಮುಟ್ಟಿದೇನ?" ಎಂದು ಪಿಸುಗುಟ್ಟಿದ.

ಬಾಗಿಲು ತೆರೆಯಿತು.

ಅಯ್ಯಮ್ಮ ಮಣೆಯನ್ನು ಕಂಕುಳಲ್ಲಿ ಹಿಡಿದು, ಹಿಟ್ಟಿನ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಪಡಸಾಲೆಗೆ ಬಂದಳು. ಸಾಹೇಬರನ್ನು ದಾಟಿದಳು. ತಿಮ್ಮಣ್ಣ ಕಾಲು ಮಡಚಿ ದಾರಿ ಬಿಟ್ಟ. ಮೂಲೆಗೆ ಹೋಗಿ ಡಬ್ಬಿಯನ್ನು ಮೊಣಕಾಲಿನಿಂದ ತಳ್ಳಿದಳು. ಅದು ಸರಿಯಿತು, ಅದರ ಹಿಂದೆ, ಬಾಗಿಲ ಸಂದಿಯಿಂದ, ಎಲ್ಲಿಗೂ ಸಿಕ್ಕಿಸಿರದ ಪ್ಲಗ್ಗು ಟಕಟಕ ಎನ್ನುತ್ತ ಹಿಂಬಾಲಿಸಿ ಬಂದು ಸಾಹೇಬರ ಚಪ್ಪಲಿಯ ಪಕ್ಕ ನಿಂತಿತು. ಅಂಬ್ರಪ್ಪ ಪ್ಲಗ್ಗು ನೋಡಿದ. ತಿಮ್ಮಣ್ಣ ಪ್ಲಗ್ಗು ನೋಡಿದ. ಬಸವಂತ್ರಾಯ ಮಾತ್ರ ಛತ್ತಿನ ಫ್ಯಾನು ನೋಡಿದ.

ಅಯ್ಯಮ್ಮ ಕಿಟಕಿ ತೆರೆದಳು. ಕೆಳಗೆ ಕುಳಿತಳು. ಮಣೆ ಇಟ್ಟು ಹಿಟ್ಟು ಉದುರಿಸಿ, ಕೊನೆಯ ಉಂಡೆಯನ್ನು ಅದರ ನಡುವೆ ಕೂರಿಸಿದಳು.

"ಸಾಹೇಬ್ರ, ಡಬ್ಬಿ ಬೇಕಂದ್ರ ಒಯ್ಯಿರಿ. ಆದ್ರ ಬೇಸ್ ಅದರ ಜೋಡಿ ಬರಂಗಿಲ್ರಿ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಹೂಂ, ದನಿ ಸ್ವಲ್ಪ ಏರಸ್ರಿ. ನಾ ಗಟ್ಟಿ ಬಡೀತೀನಿ," ಎಂದು ಕೈ ಎತ್ತಿದಳು.