ಯೋಚನೆ ಮಾಡುವ ಕಾರು

ನಮ್ಮ ಸೋದರತ್ತೆ 'ನಡಿ' ಅಂದಮೇಲೆ ಹಿಂದೆಮುಂದೆ ನೋಡುವ ಧೈರ್ಯ ಇಡೀ ಮೈಸೂರಿನಲ್ಲಿ ಯಾರಿಗೂ ಇರಲಿಲ್ಲ. ಮಾವನಿಗೆ ಇರಲಿಲ್ಲ, ಅವರ ಮಗನಿಗೆ ಇರಲಿಲ್ಲ, ರಾಮಕೃಷ್ಣನಗರದ ಅವರ ಬೀದಿಯ ನಾಯಿಗಳಿಗಂತೂ ಇರಲೇ ಇಲ್ಲ. ಕಡೆಗೆ ಆ ಧೈರ್ಯ ಮಾಡಿದ್ದು ಅವರೇ ಆಸೆಪಟ್ಟು ಕೊಂಡು ತಂದ ಕಾರು!

ಅತ್ತೆ ಹುಟ್ಟಿದ್ದು ರಾಗಿ ಬೆಳೆಯುವ ಮನೆಯಲ್ಲಿ. ಮದುವೆಯಾಗಿ ಮೈಸೂರಿಗೆ ಬಂದವರು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟರು. ಒಂದು ಮುಹೂರ್ತದ ಬೆಳಗ್ಗೆ ಟೆಂಪೋ ಡ್ರೈವರ್ ಕೈಕೊಟ್ಟ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾವೇ ಹತ್ತಿ ಕೂತು, ಕೊಪ್ಪರಿಗೆಗಳನ್ನು ಛತ್ರಕ್ಕೆ ಮುಟ್ಟಿಸಿಯೇಬಿಟ್ಟರು. ಛತ್ರದ ಗೇಟು ಸ್ವಲ್ಪ ಬಾಗಿತಂತೆ. "ಮದ್ವೆ ನಿಲ್ಲಲಿಲ್ವಲ್ಲ!" ಎನ್ನುವುದು ಈಗಲೂ ಅವರ ವಾದ. ಅಂದು ಹಿಡಿದ ಸ್ಟೇರಿಂಗನ್ನು ಅವರು ಮತ್ತೆ ಬಿಟ್ಟವರಲ್ಲ.

ಅಂಗಡಿಯನ್ನು ಮಗನಿಗೆ ವಹಿಸಿದ ಮೇಲೆ ಅತ್ತೆಗೆ ದೊಡ್ಡ ಕಾರಿನ ಮನಸ್ಸಾಯಿತು. ದೊಡ್ಡದು ಎಂದರೆ ಎಷ್ಟು? ಗೇಟಿನೊಳಗೆ ಅದು ಬಂದ ದಿನ ಮಾವನ ದಾಸವಾಳದ ಗಿಡಗಳು ಹೊರಗೆ ಹೋದವು! ಕ್ಲಚ್ಚಿಲ್ಲ, ಗೇರು ಹಾಕುವ ಕೆಲಸವಿಲ್ಲ; ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಸೀಟು ಬೆನ್ನು ಒತ್ತುತ್ತದೆ, ಕನ್ನಡಿ ತಾನೇ ಮಡಚಿಕೊಳ್ಳುತ್ತದೆ. ಇಷ್ಟೆಲ್ಲ ಬಲ್ಲ ಕಾರಿಗೆ ಒಂದೇ ಒಂದು ಕೆಟ್ಟ ಚಾಳಿ: ರಸ್ತೆಯ ಹಂಪಿನ ಹತ್ತಿರವೋ ತಿರುವಿನಲ್ಲೋ ನಿಧಾನ ಮಾಡಿ, ಮತ್ತೆ ಆಕ್ಸಿಲರೇಟರ್ ಒತ್ತಿದರೆ ಅದು ತಕ್ಷಣ ಹೊರಡದು. ಯೋಚನೆಗೆ ಬೀಳುತ್ತದೆ! ಹೆಣ್ಣು ನೋಡಲು ಬಂದವರು 'ಮನೆಗೆ ಹೋಗಿ ತಿಳಿಸ್ತೀವಿ' ಅಂದ ಹಾಗೆ ಒಂದು ಗಳಿಗೆ ಗುಂಯ್ ಎನ್ನುತ್ತ ನಿಂತು, ಆಮೇಲೆ ಕಪ್ಪೆಯಂತೆ ಎಗರುತ್ತದೆ.

"ಓಗು ಅಂದ್ರೆ ಓಗ್ಬೇಕು ಕಣೋ. ಓಗ್ಲೋ ಬ್ಯಾಡ್ವೋ ಅಂತ ಪಂಚಾಯ್ತಿ ಮಾಡ್ತಾ ಕೂತ್ಕೊಳಕ್ಕೆ ಇದೇನು ನಿಮ್ಮ ಮಾವನಾ?" ಎಂದು ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶೋರೂಮಿಗೆ ನುಗ್ಗಿದರು. ನಾನೇಕೆ? ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ಕಾರಿನ ಬಗ್ಗೆ ಗೊತ್ತಿರುವುದು ಅದಕ್ಕೆ ನಾಲ್ಕು ಚಕ್ರ ಎಂಬುದಷ್ಟೇ. ಆದರೆ ಅತ್ತೆಗೆ ಯುದ್ಧಕ್ಕೆ ಹೊರಡುವಾಗ ಒಬ್ಬ ಸಾಕ್ಷಿ ಬೇಕು.

ಟೈ ಕಟ್ಟಿದ್ದ ಯುವಕ ಕಾಫಿ ತರಿಸಿ, ನಯವಾಗಿ ಹೇಳಿದ: "ಮೇಡಂ, ಇದು ಪ್ರಾಬ್ಲಂ ಅಲ್ಲ. ನೀವು ಹೇಗೆ ಓಡಿಸ್ತೀರಿ ಅಂತ ಗಾಡಿ ನಿಮ್ಮನ್ನ ಕಲೀತಾ ಇದೆ."

"ಅಲ್ಲಪ್ಪ, ನಮ್ಮನೆಯವರು ಮದ್ವೆ ಆದಾಗಿಂದ ಕಲೀತಾನೇ ಅವ್ರೆ. ಇದು ಕಲಿಯೋ ತನಕ ನಾನು ಸರ್ಕಲ್ ಮಧ್ಯ ನಿಂತಿರ್ಲಾ?"

ಎರಡನೆಯ ಸಲ ಹೋದಾಗ ಕಾರಿಗೆ ಕಂಪ್ಯೂಟರ್ ಜೋಡಿಸಿದರು. ಬಹಳ ಹೊತ್ತು ನೋಡಿ, "ಯಾವ ದೋಷವೂ ತೋರಿಸ್ತಾ ಇಲ್ಲ ಮೇಡಂ" ಎಂದರು.

"ಆ ಕಂಪ್ಯೂಟರ್ ಯಾರ್ದು?"

"ಕಂಪನಿಯದೇ ಮೇಡಂ."

"ಮತ್ತೆ? ಹುಡುಗ ಎಂಗೆ ಅಂತ ಹುಡುಗನ ತಾಯೀನೇ ಕೇಳಿದ್ರೆ ಇನ್ನೇನಂತಾಳೆ?"

ಯುವಕ ಟೈ ಸಡಿಲಿಸಿಕೊಂಡು ಒಳಗೆ ಹೋಗಿ ಮ್ಯಾನೇಜರನ್ನೇ ಕರೆತಂದ. ತೆಳ್ಳಗಿನ, ಕ್ರಾಪು ಮಿರುಗುವ ಮನುಷ್ಯ. ನನ್ನತ್ತ ತಿರುಗಿ, ಅತ್ತೆ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಹೇಳಿದರು: "ಸಾರ್, ಏನಂದ್ರೆ… ವಯಸ್ಸಾದವರ ಕಾಲು ಸ್ವಲ್ಪ ನಿಧಾನ ಇರುತ್ತೆ. ಪೆಡಲ್ ಒತ್ತಿದೀವಿ ಅಂದ್ಕೋತಾರೆ, ಆದ್ರೆ ಒತ್ತಿರಲ್ಲ. ಮನೇಲಿ ಒಬ್ಬ ಡ್ರೈವರ್ ಇಟ್ಕೊಂಡ್ರೆ ಸೇಫ್."

ನಾನು ಕಣ್ಣು ಮುಚ್ಚಿಕೊಂಡೆ. ಈಗ ಸಿಡಿಲು ಬೀಳುತ್ತದೆ, ಈಗ ಬೀಳುತ್ತದೆ… ಬೀಳಲಿಲ್ಲ! ಅತ್ತೆ ಸುಮ್ಮನೆ ಕಾಫಿ ಲೋಟ ಕೆಳಗಿಟ್ಟು ಎದ್ದುಬಿಟ್ಟರು.

ಅದೇ ವಾರ ಲಕ್ಷ್ಮೀಪುರಂನಲ್ಲಿ ಬಲಕ್ಕೆ ತಿರುಗುವಾಗ ಕಾರು ತನ್ನ ಯೋಚನೆಯನ್ನು ರಸ್ತೆಯ ನಟ್ಟನಡುವೆಯೇ ಮಾಡಿತು. ಎದುರಿನಿಂದ ಬಂದ ಲಾರಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋಯಿತು. ಸುದ್ದಿ ಮನೆಗೆ ಮುಟ್ಟಿದ್ದೇ ತಡ, ಸಭೆ ಸೇರಿತು. ಮಗ ಹೇಳಿದ: "ಅಮ್ಮ, ಶೋರೂಮಿನವರು ಹೇಳಿದ್ದು ಸರಿಯಾಗೇ ಇದೆ. ಇನ್ಮೇಲೆ ನೀನು ಓಡಿಸ್ಬೇಡ."

"ಅದು ಗಾಡಿ ತಪ್ಪು."

"ಅಷ್ಟು ದೊಡ್ಡ ಕಂಪನಿ ಗಾಡೀನಮ್ಮ!"

"ದೊಡ್ಡ ಮನೇಲಿ ದಡ್ಡ ಮಕ್ಕಳು ಉಟ್ಟಲ್ವಾ? ನೀನಿಲ್ವಾ?"

ಮಗ ವಾದ ಬಿಟ್ಟು ಕೀಲಿಕೈಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟ. ಆ ಮನೆಯಲ್ಲಿ ಅನ್ನಕ್ಕಿಡುವವರು ಯಾರು ಎಂಬುದನ್ನು ಆ ಮಹಾನುಭಾವ ಮರೆತಿದ್ದ! ಮಾರನೆಯ ಬೆಳಗ್ಗೆ ಅತ್ತೆ ಅಕ್ಕಿ ತೊಳೆದಿಟ್ಟು, ಕೀಲಿಕೈಯನ್ನೂ ಒರೆಸಿಕೊಂಡು, ನಮ್ಮ ಮನೆ ಮುಂದೆ ಹಾರ್ನ್ ಹೊಡೆದರು. "ಅತ್ತು" ಎಂದರು. ಹತ್ತಿದೆ. ಇನ್ನೇನು ಮಾಡಲಿ?

ಶೋರೂಮಿನ ಬಾಗಿಲಿಗೆ ಅಡ್ಡವಾಗಿ, ಒಳಗಿನ ಹೊಸ ಕಾರುಗಳು ಹೊರಬರದಂತೆ ಗಾಡಿ ನಿಲ್ಲಿಸಿದರು. ಸೆಕ್ಯೂರಿಟಿಯವರು ಸೀಟಿ ಊದಿದರು. ಅತ್ತೆ ಇಳಿದು, ಹಿಂದಿನ ಸೀಟಿಗೆ ಹೋಗಿ, ಕಾಲಮೇಲೆ ಕಾಲು ಹಾಕಿಕೊಂಡು ಕೂತರು.

"ಮ್ಯಾನೇಜರನ್ನ ಕರೀರಿ. ಅವರು ಓಡಿಸ್ಲಿ. ನಾನು ನೋಡ್ಬೇಕು. ಅಲ್ಲೀ ತನಕ ಗಾಡಿ ಕದಲಲ್ಲ."

"ಮೇಡಂ, ಟೋ ಮಾಡಿಸಬೇಕಾಗುತ್ತೆ…"

"ಮಾಡ್ಸಿ. ನಾನು ಒಳಗೇ ಇರ್ತೀನಿ. ನನ್ನನ್ನೂ ಎಳ್ಕೊಂಡೋಗಿ."

ಅಷ್ಟರಲ್ಲಿ ಕಾರು ಕೊಳ್ಳಲೆಂದು ಬಂದಿದ್ದ ಒಂದು ಸಂಸಾರ ಕುತೂಹಲದಿಂದ ಹತ್ತಿರ ಬಂತು. ಅತ್ತೆ ಕಿಟಕಿ ಇಳಿಸಿ, "ಬನ್ನಿ ಬನ್ನಿ, ನಿಮಗೂ ಹೇಳ್ತೀನಿ" ಎಂದದ್ದೇ ತಡ, ಮ್ಯಾನೇಜರು ಓಡೋಡಿ ಬಂದು ಸ್ಟೇರಿಂಗ್ ಹಿಡಿದರು! ನಾನು ಅವರ ಪಕ್ಕದಲ್ಲಿ.

ಮೊದಮೊದಲು ಕಾರು ಬೆಣ್ಣೆಯಂತೆ ಸಾಗಿತು. ಮ್ಯಾನೇಜರು ಕನ್ನಡಿಯಲ್ಲಿ ಅತ್ತೆಯನ್ನು ನೋಡಿ, "ಏನೂ ಇಲ್ವಲ್ಲ ಮೇಡಂ" ಎಂದು ಮುಗುಳ್ನಕ್ಕರು. ಹಿಂತಿರುಗಿ ಬರಲು ಅವರು ಒಂದು ಕಡೆ ನಿಧಾನ ಮಾಡಿ, ಯೂ-ಟರ್ನ್ ಹೊಡೆದು, ಆಕ್ಸಿಲರೇಟರ್ ಒತ್ತಿದರು. ಕಾರು ಗುಂಯ್ ಎಂದಿತು. ಮ್ಯಾನೇಜರು ಮತ್ತೆ ಒತ್ತಿದರು. ಇನ್ನೂ ಯೋಚನೆ! ಸಿಟಿ ಬಸ್ಸೊಂದು ಹಾರ್ನ್ ಬಾರಿಸುತ್ತ ನಮ್ಮ ಮೇಲೇ ಬರುತ್ತಿತ್ತು. "ಅಯ್ಯೋ ಅಮ್ಮಾ!" ಎಂದು ಕೂಗಿದ್ದು ನಾನಲ್ಲ, ಮ್ಯಾನೇಜರು. ಬಸ್ಸು ಕಿರ್ರನೆ ನಿಂತಿತು. ನಮ್ಮ ಕಾರು ಒಮ್ಮೆಲೇ ಎಗರಿತು. ಬಸ್ಸಿನ ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ರೋಡ್ ಮಧ್ಯ ಕೂತು ಏನ್ ಸಾರ್ ಯೋಚ್ನೆ ಮಾಡ್ತಿದ್ರಿ, ಮನೇಲೇ ಮಾಡ್ಕೊಂಡ್ ಬನ್ನಿ!" ಎಂದು ಕೂಗಿದರು.

ಮ್ಯಾನೇಜರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಹಣೆಯ ಬೆವರು ಒರೆಸಿಕೊಂಡರು. ಹಿಂದಿನಿಂದ ಮೃದುವಾದ ದನಿ ಬಂತು.

"ನಿಮಗೆ ಎಷ್ಟಪ್ಪ ವಯಸ್ಸು?"

"ಮೂವತ್ತ… ಮೂವತ್ನಾಲ್ಕು ಮೇಡಂ."

"ಅಯ್ಯೋ ಪಾಪ. ಇಷ್ಟು ಬೇಗ ಕಾಲು ನಿಧಾನ ಆಗ್ಬುಡ್ತಾ? ಒಬ್ಬ ಡ್ರೈವರ್ ಇಟ್ಕೊಳ್ಳಿ."

ಆಮೇಲೆ ಎಲ್ಲವೂ ಸರಸರ ನಡೆಯಿತು. ಕಂಪನಿಯಿಂದ ಜನ ಬಂದರು, ಗೇರ್‌ಬಾಕ್ಸ್ ಬಿಚ್ಚಿದರು, ಒಳಗಿನ ಯಾವುದೋ ಭಾಗವನ್ನು ಸದ್ದಿಲ್ಲದೆ ಬದಲಿಸಿದರು. ಮ್ಯಾನೇಜರು ಅತ್ತೆಗೆ ಒಂದು ಹೂಗುಚ್ಛ ಕೊಟ್ಟು, ಈ ಸಲ ಅವರ ಮುಖ ನೋಡಿಯೇ, "ಸಾರಿ ಮೇಡಂ" ಎಂದರು. "ಊವ ದೇವರಿಗೆ ಏರ್ಸಿ. ನೀವು ಉಷಾರಾಗಿ ಓಡ್ಸಿ" ಎಂದರು ಅತ್ತೆ.

ಕಾರು ತೆಗೆದುಕೊಂಡು ಹೊರಟೆವು. ಸಿದ್ಧಾರ್ಥನಗರದ ಒಂದು ಹಂಪಿನ ಬಳಿ ಅತ್ತೆ ಬೇಕೆಂದೇ ನಿಧಾನ ಮಾಡಿ, ಮತ್ತೆ ಒತ್ತಿದರು. ಕಾರು ಮರುಮಾತಿಲ್ಲದೆ ಸುಯ್ಯನೆ ಹೊರಟಿತು. "ಗೆದ್ದುಬಿಟ್ರಿ ಅತ್ತೆ!" ಎಂದು ನಾನು ಚಪ್ಪಾಳೆ ತಟ್ಟಿದೆ. ಅವರು ನಗಲಿಲ್ಲ. ಹೊಂಗೆ ಮರವೊಂದರ ಕೆಳಗೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಆವಯ್ಯ ಕಾಲು ನಿಧಾನ ಅಂದಾಗಿಂದ ನಿದ್ದೆ ಬಂದಿಲ್ಲ ಕಣೋ" ಎಂದರು. "ನಂದೇ ಕಾಲಿರಬೋದು ಅನ್ಸ್ಬುಡ್ತು. ದಿನಾ ದೇವರ ಮನೆ ಬಾಗ್ಲಾಕ್ಕೊಂಡು, ಗೋಡೆಗೆ ಕಾಲು ಒತ್ತಿ ಒತ್ತಿ ನೋಡ್ತಿದ್ದೆ. ಅಂದ್ಕೊಂಡ ತಕ್ಷಣ ಒತ್ತುತ್ತೋ ಇಲ್ವೋ ಅಂತ. ನಿಮ್ಮ ಮಾವಂಗೂ ಏಳ್ಲಿಲ್ಲ. ಏಳಿದ್ರೆ ಕೀ ಇಸ್ಕೊಂಬುಡ್ತಾರೆ, ಆಮೇಲೆ ಇನ್ನೊಂದು ಇಸ್ಕೋತಾರೆ, ಆಮೇಲೆ ಎಲ್ಲಾನೂ…"

ಅವರಿಗೆ ಹೆದರಿಕೆ ಎಂಬುದೂ ಇದೆ ಎಂದು ನನಗೆ ಅಷ್ಟು ವರ್ಷಗಳಲ್ಲಿ ಹೊಳೆದಿರಲಿಲ್ಲ. ಮನೆಗೆ ಹೋಗುವ ದಾರಿ ಬಲಗಡೆಗಿತ್ತು. ನಾನು ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು ಕಣ್ಣು ಮುಚ್ಚಿದೆ.

"ಅತ್ತೆ, ನಂಜನಗೂಡಿನ ಕಡೆ ಹೋಗಿ ಬರೋಣ. ದೂರ ಇದೆ, ನಾನು ಸ್ವಲ್ಪ ನಿದ್ದೆ ಮಾಡ್ತೀನಿ. ನೀವು ಓಡಿಸ್ತಾ ಇರಿ."