ಬ್ಯಾಟರಿ ಬಂದೂಕಿಗೆ ಖಡಕ್ ರೊಟ್ಟಿಯ ಪರೀಕ್ಷೆ

ಮೊಮ್ಮಕ್ಕಳೇ, ನಿಮ್ಮ ಆಯಿಗೆ ಒಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ 'ಇದು ಹೇಗಿದೆ?' ಎಂದು ಕೇಳಿದರೆ ಸಾಕು, 'ಚೆನ್ನಾಗಿದೆ' ಎಂದುಬಿಡುತ್ತೇನೆ. ಉಪ್ಪಿಲ್ಲದ ಸಾರಿಗೂ ಹಾಗೆಯೇ ಹೇಳಿದ್ದೇನೆ, ಮೊದಲ ನೀರಿಗೇ ಬಣ್ಣ ಬಿಟ್ಟ ಸೀರೆಗೂ ಹೇಳಿದ್ದೇನೆ. ಕುರಕುಂಟಾದ ಶಾಲೆಯಲ್ಲಿ ಕಲಿತಷ್ಟು ದಿನ, ಉತ್ತರ ಗೊತ್ತಿದ್ದರೂ ಒಮ್ಮೆಯೂ ಕೈ ಎತ್ತಿದವಳಲ್ಲ. ಮದುವೆಯಾಗಿ ಸೇಡಂಗೆ ಬಂದ ಮೇಲೆ ನಿಮ್ಮ ಮುತ್ಯಾ ಏನು ಕೇಳಿದರೂ "ನೀವು ಹೇಳಿದಂಗ" ಎನ್ನುತ್ತಿದ್ದೆ. ಅವರು ಒಂದು ದಿನ ಬೇಸತ್ತು, "ನಾ ಇನ್ನಾ ಏನೂ ಹೇಳೇ ಇಲ್ಲಲ್ಲ" ಎಂದಿದ್ದರು.

ಇಂಥವಳ ನಾಲಿಗೆಯ ಮೇಲೆ ಒಂದು ಬಂದೂಕಿನ ಹಣೆಬರಹ ಬಂದು ಕುಳಿತಿತು. ಅದೇ ಬಂದೂಕು ಈಗ ನಿಮ್ಮ ಕೈಗೆ ಬಂದಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಚಿತ್ತಾಪುರದ ನನ್ನ ತಮ್ಮ ಸಿದ್ದಣ್ಣ ಹೈದರಾಬಾದಿನಿಂದ ಬರುವಾಗ ನಿಮ್ಮ ಗೌರಕ್ಕನಿಗೆಂದು ಅದನ್ನು ತಂದಿದ್ದ. ಆಗ ಅವಳಿಗೆ ಹನ್ನೊಂದು. ಆಟಿಕೆಯೇ, ಆದರೆ ನೋಡಲು ಥೇಟ್ ಪೊಲೀಸರ ಬಂದೂಕು. ಚಾರ್ಜ್ ಮಾಡಿ ಕುದುರೆ ಒತ್ತಿದರೆ ಹೊಲಿಗೆ ಯಂತ್ರದಂತೆ ಗರ್ ಎಂದು ಸದ್ದು ಮಾಡಿ, ತೊಗರಿ ಕಾಳಿನಷ್ಟು ದಪ್ಪದ ಬಿಳಿ ಪ್ಲಾಸ್ಟಿಕ್ ಗುಂಡು ಉಗುಳುತ್ತಿತ್ತು.

ಗೌರಿಯ ಅಪ್ಪ, ನನ್ನ ಮಗ ಬಸವರಾಜ ಮೇಷ್ಟ್ರಲ್ಲವೇ, ಮುಖ ಗಂಟು ಹಾಕಿದ. "ಕಣ್ಣಿಗಿ ಬಡದ್ರ ಏನ್ ಗತಿ, ಮಾಮಾ?"

"ನಾಳಿ ಮತ್ತ ಹೈದರಾಬಾದಿಗಿ ಹೊಂಟೀನಿ. ಬ್ಯಾಡಂದ್ರ ಅಂಗಡಿಯವಗ ವಾಪಸ್ ಕೊಡ್ತೀನಿ" ಎಂದ ಸಿದ್ದಣ್ಣ.

ಗೌರಿ ಬಂದೂಕನ್ನು ಎದೆಗೆ ಅವಚಿಕೊಂಡು ಕಣ್ಣು ತುಂಬಿಕೊಂಡಳು. ಬಸವರಾಜ ನನ್ನ ಕಡೆ ತಿರುಗಿದ. "ಅವ್ವಾ, ನೀ ಹತ್ತು ಗಡಿಗಿ ಬಾರ್ಸಿ ನೋಡಿ ಒಂದ್ ತಗೊಳ್ಳಾಕಿ. ನಾ ಸಾಲಿಗಿ ಹೋಗಿ ಬರೂತನಾ ಇದನ್ನೂ ನೋಡಿ ಹೇಳು. ನೀ ಹೇಳಿದಂಗ ಮಾಡೂಣು."

ಜೀವಮಾನದಲ್ಲಿ ಮೊದಲ ಸಲ ಆ ಮಾತು ನನಗೇ ತಿರುಗಿ ಬಂದಿತ್ತು.

ಮೊದಲು ಗಡಿಗೆಯಂತೆ ಬೆರಳಿನಿಂದ ಬಾರಿಸಿ ನೋಡಿದೆ. ಒಡಕು ಸದ್ದಿಲ್ಲ. ಇನ್ನೇನು ನೋಡುವುದು? ನಮ್ಮ ಮನೆಯಲ್ಲಿ ಗಟ್ಟಿತನಕ್ಕೆ ಇದ್ದ ಅಳತೆ ಒಂದೇ, ಬಿಸಿಲಿಗೆ ಒಣಗಿಸಿದ ಜೋಳದ ಖಡಕ್ ರೊಟ್ಟಿ. ಗುಂಡು ಬಡಿದು ರೊಟ್ಟಿ ಒಡೆದರೆ ಬಂದೂಕು ವಾಪಸ್, ಒಡೆಯದಿದ್ದರೆ ನಮ್ಮದು ಎಂದು ಗೌರಿಗೆ ಹೇಳಿದೆ. ಮುರಿದ ರೊಟ್ಟಿ ಹೇಗೂ ಆಕಳಿಗೆ ಆಗುತ್ತದೆ ಎಂದುಕೊಂಡು, ಹಿತ್ತಲಿನ ಫರಸಿ ಕಲ್ಲಿನ ಗೋಡೆಗೆ ಒಂದನ್ನು ಆನಿಸಿಟ್ಟೆ. ಗೌರಿಯನ್ನು ಬಾಗಿಲ ಹಿಂದೆ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತು ಗುಂಡು ಹಾರಿಸಿದೆ.

ಗೋಡೆಯಾಚೆ ನೆರೆಮನೆಯ ಶಾಂತಮ್ಮನ ತಗಡಿನ ಮಾಡಿನ ಮೇಲೆ ಟಪಟಪ ಸದ್ದಾಯಿತು. "ಯಾವ ಮಂಗ್ಯಾ ಕಲ್ಲ ಒಗ್ಯಾಕತ್ತದ?" ಎಂದು ಶಾಂತಮ್ಮ ಕೂಗಿದಳು. ನಾನು ತಲೆ ತಗ್ಗಿಸಿ ಕುಳಿತುಬಿಟ್ಟೆ.

ರೊಟ್ಟಿ ಮಾತ್ರ ಇಟ್ಟಂತೆಯೇ ಇತ್ತು.

"ಪಾಸಾಯ್ತು ನೋಡು" ಎಂದೆ.

"ಆಯಿ, ನಿಂದು ಒಂದೂ ಬಡದಿಲ್ಲ" ಎಂದಳು ಗೌರಿ ಬಾಗಿಲ ಸಂದಿಯಿಂದ. ಸುಮ್ಮನಿದ್ದಿದ್ದರೆ ಬಂದೂಕು ಅವಳದ್ದೇ ಆಗುತ್ತಿತ್ತು. ಆದರೂ ಹೇಳಿದಳು.

ನನಗೂ 'ಚೆನ್ನಾಗಿದೆ' ಎಂದುಬಿಡುವುದು ಸುಲಭವಿತ್ತು. ಆದರೆ ಸಾರಿನ ವಿಷಯಕ್ಕೆ ಸುಳ್ಳು ಹೇಳಬಹುದು, ಮೊಮ್ಮಗಳ ಕಣ್ಣಿನ ವಿಷಯಕ್ಕೆ ಹೇಳಲಾದೀತೆ? ಎರಡೇ ಮಾರು ದೂರಕ್ಕೆ ಹೋಗಿ ನಿಂತು ಇನ್ನೊಮ್ಮೆ ಒತ್ತಿದೆ. ರೊಟ್ಟಿ ಮೂರು ತುಂಡಾಯಿತು. ಗುಂಡು ಕಲ್ಲಿಗೆ ಬಡಿದು ತಿರುಗಿ ಬಂದು, ನನ್ನ ಪಕ್ಕದಲ್ಲಿದ್ದ ತಂಬಿಗೆಗೆ ಠಣ್ ಎಂದು ಹೊಡೆಯಿತು.

ಗೌರಿ ಬಾಗಿಲ ಹಿಂದಿನಿಂದ ಬಂದಳು. ರೊಟ್ಟಿಯ ಚೂರುಗಳನ್ನು ಆರಿಸತೊಡಗಿದಳು. ಒಂದೊಂದನ್ನೂ ಜೋಡಿಸಿ ನೋಡುತ್ತಿದ್ದಳು. ಮಾತಿನಂತೆ ಬಂದೂಕು ವಾಪಸ್ ಹೋಗಬೇಕಿತ್ತು, ಆದರೆ ನಿಜ ಹೇಳಿದ ಹುಡುಗಿಯ ಕೈಯಿಂದ ಅದನ್ನು ಕಸಿಯಲು ಮನಸ್ಸು ಬರಲಿಲ್ಲ.

ಕಲ್ಲಿನಿಂದ ಸಿಡಿಯುವುದು ನಮ್ಮ ಮನೆಗೆ ಹೊಸದಲ್ಲ. ನಿಮ್ಮ ಮುತ್ಯಾ ಶಹಾಬಾದಿನ ಕಡೆ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿದವರು. ಚೂರು ಸಿಡಿಯುತ್ತದೆಂದು ಕಣ್ಣಿನ ಸುತ್ತ ಬಿಗಿಯಾಗಿ ಕೂರುವ ದಪ್ಪ ಕನ್ನಡಕ ಹಾಕುತ್ತಿದ್ದರು. ಅವರು ಹೋದ ಮೇಲೆ ಅದನ್ನು ಟ್ರಂಕಿನಲ್ಲಿ ಇಟ್ಟಿದ್ದೆ, ಯಾತಕ್ಕೆಂದು ನನಗೇ ಗೊತ್ತಿರಲಿಲ್ಲ. ಅದನ್ನು ತೆಗೆದು ಒರೆಸಿದೆ. ಗೋಡೆಯ ಮುಂದೆ ಹಗ್ಗ ಕಟ್ಟಿ, ಹೊದೆಯುವ ಹಳೆಯ ದಪ್ಪ ಕೌದಿ ಇಳಿಬಿಟ್ಟೆ. ಕನ್ನಡಕ ಹಾಕಿಕೊಂಡು ಹೊಡೆದರೆ, ಗುಂಡು ಕೌದಿಗೆ ಬಡಿದು ಏನೂ ಅರಿಯದ ಮಳ್ಳಿಯಂತೆ ಕೆಳಗೆ ಉದುರಿತು.

ಸಂಜೆ ಬಸವರಾಜ ಬಂದಾಗ ಹೇಳಿಯೇಬಿಟ್ಟೆ. "ಇದು ಚಲೋನೂ ಅದ, ಕೆಟ್ಟೂ ಅದ. ಕನ್ನಡಕ ಹಾಕ್ಲಾರ್ದ ಮುಟ್ಟಬಾರ್ದು. ಮಂದಿ ಕಡಿ, ದನದ ಕಡಿ ಹಿಡಿಬಾರ್ದು. ಕೌದಿಗೇ ಹೊಡಿಬೇಕು. ಇಷ್ಟು ಕೇಳೂದಾದ್ರ ಇರ್ಲಿ."

ಬಸವರಾಜ ನನ್ನನ್ನೇ ನೋಡಿದ. ಸಿದ್ದಣ್ಣ, "ಅಕ್ಕಾ, ಇಷ್ಟ್ ಮಾತು ನಿನ್ನ ಬಾಯಾಗ ನಾ ಯಾವತ್ತೂ ಕೇಳಿಲ್ಲ" ಎಂದ. ಗೌರಿ ಆಗಲೇ ಕನ್ನಡಕ ಏರಿಸಿಯಾಗಿತ್ತು, ಅದು ಅವಳ ಅರ್ಧ ಮುಖವನ್ನೇ ನುಂಗಿತ್ತು.

ಮಗನಿಗೂ ತೋರಿಸಿಬಿಡೋಣ ಎಂದು ಅವಳಿಂದ ಕನ್ನಡಕ ಇಸಿದುಕೊಂಡು ನಾನು ಕೌದಿಗೆ ಗುರಿಯಿಟ್ಟೆ. ಅಷ್ಟು ಅಗಲದ ಕೌದಿ, ಆದರೂ ಗುಂಡು ತಗಡಿಗೇ ಹೋಯಿತು.

"ಅವ್ವಾ," ಎಂದ ಬಸವರಾಜ, "ಗೌರಿ ಹೊಡಿವಾಗ ಒಂದ್ ಕನ್ನಡಕ ಸಾಕು. ನೀ ಹೊಡಿವಾಗ ಓಣಿಗೆಲ್ಲಾ ಬೇಕು."

ಅಂದಿನಿಂದ ಅಭಿಪ್ರಾಯ ಹೇಳುವ ಧೈರ್ಯವೇನೋ ಬಂದಿದೆ. ಈಗ ಸಾರಿಗೆ ಉಪ್ಪಿಲ್ಲದಿದ್ದರೆ ಇಲ್ಲ ಎನ್ನುತ್ತೇನೆ. ಆದರೆ ಶಾಂತಮ್ಮ ಕಟ್ಟೆಯ ಮೇಲೆ ಕುಳಿತು ಆ ಮಂಗ್ಯಾನನ್ನು ಬೈಯುವಾಗ ಮಾತ್ರ, ಸೆರಗು ಹೊದ್ದುಕೊಂಡು, "ಹೌದವಾ, ಮಂಗ್ಯಾಗೋಳು ಭಾಳ ಆಗ್ಯಾವ" ಎಂದುಬಿಡುತ್ತೇನೆ.