ಕೋಲ್ಡ್ ಸ್ಟೋರೇಜಿನ ಬಸುರಿ ಮಷೀನು

ಮೆಣಸಿನಕಾಯಿಯೂ ಕಂಪ್ಯೂಟರೂ ಒಂದೇ ಸೂರಿನ ಕೆಳಗೆ ಇದ್ದರೆ ನಗುವ ಸಂಗತಿಗಳಿಗೆ ಬರವಿರುವುದಿಲ್ಲ. ನಾನು ಬೇಡವೆಂದರೂ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಮನೆಗೆ ಬಂದು ಒಬ್ಬಳೇ ಕೂತು ನಗುತ್ತೇನೆ. ಪಕ್ಕದ ಮನೆಯವರು ಈಗ ಅದಕ್ಕೂ ಹೊಂದಿಕೊಂಡಿದ್ದಾರೆ.

ನಾನು ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ಗಂಡನ ರೈಲ್ವೆ ಕೆಲಸ ನನ್ನನ್ನು ಹಾವೇರಿಗೆ ತಂದಿತು, ಆಮೇಲೆ ರಾಣೆಬೆನ್ನೂರಿಗೆ, ಕೊನೆಗೆ ಬ್ಯಾಡಗಿಗೆ. ಅವರು ಇಲ್ಲೇ ತೀರಿಕೊಂಡರು, ನಾನು ಇಲ್ಲೇ ಉಳಿದೆ. ಹಾವೇರಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾಗ, ಯಾರೂ ಮುಟ್ಟದೆ ಬಿಟ್ಟಿದ್ದ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರು ಹಾಕಿ ಹಾಕಿ ಕಲಿತ ವಿದ್ಯೆ ನಿವೃತ್ತಿಯ ಮೇಲೆ ಕೈಹಿಡಿಯಿತು. ಈಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಕಂಪ್ಯೂಟರನ್ನು ನಾನು ನೋಡಿಕೊಳ್ಳುತ್ತೇನೆ. ಯಾರ ಮೆಣಸಿನಕಾಯಿ ಚೀಲ ಯಾವ ಕೋಣೆಯ ಯಾವ ಅಟ್ಟದಲ್ಲಿದೆ ಎಂದು ನೆನಪಿಡುವುದು ಅದರ ಕೆಲಸ.

ಅಲ್ಲಿನ ಮಾಲೀಕರನ್ನು ಎಲ್ಲರೂ ಸಾಹುಕಾರ ಎನ್ನುತ್ತಾರೆ. ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು, ಇದು ಕೈಕೊಟ್ಟ ದಿನ ಗುಜರಿಗೆ ಹಾಕಿ ಹಳೆಯ ಹಾಗೆ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ ಎಂದು. ಮಷೀನು ಗುಜರಿಗೆ ಹೋದರೆ, ಬೆಳಿಗ್ಗೆ ಎದ್ದು ಒಳ್ಳೆಯ ಸೀರೆ ಉಟ್ಟು ಹೋಗುವುದಕ್ಕೆ ಈ ಊರಿನಲ್ಲಿ ನನಗೆ ಬೇರೆ ಜಾಗವಿರಲಿಲ್ಲ. ಆದ್ದರಿಂದ ಮುಂದೆ ಹೇಳುವ ಒಂದೊಂದು ಸಂಗತಿಯೂ ನಗು ಬರುವ ಮೊದಲು ನನ್ನ ಎದೆ ಹೊಡೆದುಕೊಳ್ಳುವಂತೆ ಮಾಡಿದ್ದೇ.

ಒಂದರ ಹೊಟ್ಟೆಯಲ್ಲಿ ಇನ್ನೊಂದು

ನಮ್ಮ ಕಬ್ಬಿಣದ ಡಬ್ಬಿಯ ಒಳಗೆ ಇನ್ನೊಂದು ಕಂಪ್ಯೂಟರಿದೆ. ಅದಕ್ಕೆ ಮೈಯಿಲ್ಲ, ಸಾಫ್ಟ್‌ವೇರಿನಿಂದಲೇ ಕಟ್ಟಿದ್ದು. ಚೀಲಗಳ ಲೆಕ್ಕವೆಲ್ಲ ಇರುವುದು ಆ ಒಳಗಿನದರಲ್ಲಿ. ಇದನ್ನು ವರ್ಚುವಲ್ ಮಷೀನ್ ಎನ್ನುತ್ತಾರೆ ಎಂದು ನಾನು ವಿವರಿಸುತ್ತಿದ್ದಾಗ ಹಮಾಲರ ಮೇಸ್ತ್ರಿ ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡು, "ಅಂದ್ರ ಬಸುರಿ ಐತಿ ಅನ್ರಿ" ಎಂದ. ಅಂದಿನಿಂದ ಇಡೀ ಗೋದಾಮಿನಲ್ಲಿ ಅದು ಬಸುರಿ ಮಷೀನು. ಬೆಳಿಗ್ಗೆ ಬಂದವರೆಲ್ಲ ನನ್ನನ್ನು ಕೇಳುವ ಮೊದಲು ಅದರ ಕ್ಷೇಮ ಕೇಳುತ್ತಿದ್ದರು.

ಒಮ್ಮೆ ಒಳಗಿನ ಮಷೀನು ಜಾಗ ಮುಗಿಯಿತು, ಇನ್ನು ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು ಹಟ ಹಿಡಿಯಿತು. ಹೊರಗಿನ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ಅದರಿಂದ ತೆಗೆದು ಒಳಗಿನದರ ವಾಲ್ಯೂಮನ್ನು, ಅಂದರೆ ಅದರ ಪಾಲಿನ ಜಾಗವನ್ನು, ದೊಡ್ಡದು ಮಾಡಿದೆ. ಆದರೂ ಅದೇ ರಾಗ. ಜಾಗ ಕೊಟ್ಟರಷ್ಟೇ ಸಾಲದು, ಅದರೊಳಗೆ ಕಡತಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮಿಗೆ ಜಾಗ ಬಂದಿದೆ ನೋಡು ಎಂದು ಬೇರೆಯಾಗಿ ಹೇಳಬೇಕು. ಆ ಎರಡನೆಯ ಆಜ್ಞೆ ಕೊಟ್ಟ ಮೇಲೆ ಎಲ್ಲ ಸರಿಹೋಯಿತು.

ಬೈಗುಳಕ್ಕೆ ಸಿದ್ಧಳಾಗಿ ಸಾಹುಕಾರರಿಗೆ ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ದೊಡ್ಡದೊಂದು ನಿಟ್ಟುಸಿರು ಬಿಟ್ಟು, "ನಮ್ಮ ಮನ್ಯಾಗೂ ಹಂಗ ಆಗಿತ್ತರಿ ಅಕ್ಕಾರ. ನಮ್ಮಪ್ಪ ನನ್ನ ಹೆಸರಿಗೆ ಹೊಲ ಬರದಿದ್ದ, ನನಗ ಹೇಳಿರಲಿಲ್ಲ. ನಾ ನನ್ನ ಹೊಲಾನ ಲಾವಣಿ ಹಾಕ್ಕೊಂಡು, ಗೇಣಿ ಕೊಟ್ಟು ಮಾಡೀನಿ" ಎಂದರು.

ತಂಪಾದ ಜಾಗ

ಬೇಸಿಗೆಯಲ್ಲಿ ಡಬ್ಬಿ ಕಾದ ಹಂಚಿನಂತಾಗುತ್ತಿತ್ತು. ಮದುವೆಯೊಂದಕ್ಕೆ ಹಾವೇರಿಗೆ ಹೊರಟವಳು ಮಷೀನು ಬಂದ್ ಮಾಡಿ, ಇದನ್ನು ಎಲ್ಲಾದರೂ ತಂಪಾದ ಜಾಗದಲ್ಲಿ ಇಡಿಸಿ ಎಂದು ಹೇಳಿ ಹೋದೆ. ಕಿಟಕಿಯ ಬಿಸಿಲು ತಪ್ಪಿಸಿ ಆಫೀಸಿನ ಮೂಲೆಯಲ್ಲಿ ಇಡಿ ಎಂಬುದು ನನ್ನ ಅರ್ಥ. ಆದರೆ ಕೋಲ್ಡ್ ಸ್ಟೋರೇಜಿನಲ್ಲಿ ನಿಂತು ತಂಪಾದ ಜಾಗ ಎಂದರೆ ಯಾರು ತಾನೇ ಮೂಲೆ ಹುಡುಕುತ್ತಾರೆ?

ಮರಳಿ ಬಂದಾಗ ಮೇಜು ಖಾಲಿ. ಗುಜರಿಗೆ ಹೋಯಿತೆಂದೇ ತಿಳಿದೆ. ಮೇಸ್ತ್ರಿ ಹೆಮ್ಮೆಯಿಂದ ನನ್ನನ್ನು ದೊಡ್ಡ ಕೋಣೆಗೆ ಕರೆದೊಯ್ದ. ಹಲ್ಲು ಕಟಕಟ ಅನ್ನುವ ಆ ಚಳಿಯಲ್ಲಿ, ಕೆಂಪು ಚೀಲಗಳ ನಡುವೆ, ನಮ್ಮ ಮಷೀನು ಕುತ್ತಿಗೆಯವರೆಗೆ ಕುರಿ ಉಣ್ಣೆಯ ಕರಿ ಕಂಬಳಿ ಹೊದ್ದು ಕೂತಿತ್ತು.

ಇದೇನಪ್ಪಾ, ತಂಪಾಗಲಿ ಅಂತ ಇಟ್ಟು ಕಂಬಳಿ ಯಾಕೆ ಹೊದಿಸಿದ್ದೀಯ ಎಂದು ಕೇಳಿದೆ.

"ಬಸುರಿ ಐತಲ್ರಿ. ಥಂಡಿ ಹತ್ತಬಾರದು."

ರಾಣೆಬೆನ್ನೂರಿನ ತಜ್ಞರು

ಹೊರಗೆ ತಂದೊಡನೆ ಮಷೀನು ಬೆವರಿತು. ಪೂರ್ತಿ ಒಣಗುವವರೆಗೆ ಕಾದು ಶುರು ಮಾಡಿದರೆ ಡಿಸ್ಕು ಓದಲಾಗುತ್ತಿಲ್ಲ ಎಂಬ ದೂರು ಸಾಲುಸಾಲಾಗಿ ಬರತೊಡಗಿತು. ಸಾಹುಕಾರರು ಸೀಮೆಸುಣ್ಣದ ಡಬ್ಬಿ ತರಿಸಿದರು. ಒಂದು ಅವಕಾಶ ಕೊಡಿ ಎಂದು ಬೇಡಿಕೊಂಡು ರಾಣೆಬೆನ್ನೂರಿನಿಂದ ರಿಪೇರಿಯವರನ್ನು ಕರೆಸಿದೆ.

ಇಸ್ತ್ರಿ ಅಂಗಿಯ ಸಂಭಾವಿತರೊಬ್ಬರು ಬಂದರು. ಡಬ್ಬಿ ಬಿಚ್ಚಿ, ಎಷ್ಟು ಧೂಳರಿ ಇದು ಎಂದು ಮುಖ ಸಿಂಡರಿಸಿ, ಚೀಲದಿಂದ ಬ್ಲೋವರ್ ತೆಗೆದರು. ನಾನು ತಡೆಯುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು. ರಾಣೆಬೆನ್ನೂರಿನ ಧೂಳು ಬರೀ ಧೂಳು. ಬ್ಯಾಡಗಿಯದು ಮೆಣಸಿನಕಾಯಿಯ ಪುಡಿ. ಆಫೀಸಿನಲ್ಲಿ ಸೀನದೆ ಉಳಿದವರೆಂದರೆ ಗೋಡೆಯ ಮೇಲಿನ ದೇವರು ಮತ್ತು ನಮ್ಮ ಹಮಾಲರು.

ಪಾಪ, ಅಷ್ಟರಲ್ಲೂ ಅವರು ಕಣ್ಣುಮುಚ್ಚಿಕೊಂಡೇ ಕೈಯಾಡಿಸಿ ಸಡಿಲವಾಗಿದ್ದ ಕೇಬಲ್ಲೊಂದನ್ನು ಒತ್ತಿ ಕೂರಿಸಿದರು. ದೂರುಗಳೆಲ್ಲ ನಿಂತವು. ಅವರ ಉಪಕಾರ ನಾನು ಮರೆತಿಲ್ಲ. ಆ ಸಂಜೆ ಕ್ಷೇಮವಾಗಿ ತಲುಪಿದಿರಾ ಎಂದು ಫೋನು ಮಾಡಿದೆ. ತಲುಪಿದರಂತೆ. ಬಸ್ಸಿನಲ್ಲಿ ಕಣ್ಣೀರು ಸುರಿಯುತ್ತಲೇ ಇತ್ತಂತೆ. ಪಕ್ಕದಲ್ಲಿ ಕೂತ ಅಜ್ಜಿ, "ಯಾರು ಹೋದ್ರೋ ತಮ್ಮಾ" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಾನೂ ದಾರಿಯುದ್ದಕ್ಕೂ ಅತ್ತಳಂತೆ.

ಖಂಡೆ ಪೂಜೆ

ಮಹಾನವಮಿಗೆ ಇಲ್ಲಿ ಖಂಡೆ ಪೂಜೆ. ಕೆಲಸದ ಸಾಮಾನುಗಳನ್ನೆಲ್ಲ ತೊಳೆದು ಪೂಜಿಸುತ್ತಾರೆ. ಪೂಜೆಯಾದ ಮೇಲೆ ಅವುಗಳಿಗೆ ವಿಶ್ರಾಂತಿ, ಯಾರೂ ಕೆಲಸಕ್ಕೆ ಹಚ್ಚುವಂತಿಲ್ಲ. ಒಂದು ವರ್ಷ ಪೂಜೆಯ ಹೊತ್ತಿಗೆ ನಾನು ಜ್ವರ ಬಂದು ಮಲಗಿದ್ದೆ. ಮಂಗಳಾರತಿಯಾದ ಮೇಲೂ ಮಷೀನಿನ ದೀಪ ಮಿಣುಕುತ್ತಿರುವುದನ್ನು ಮೇಸ್ತ್ರಿ ಕಂಡ. ಎಲ್ಲರೂ ವಿಶ್ರಾಂತಿಯಲ್ಲಿರುವಾಗ ಇದೊಂದೇ ದುಡಿಯುವುದೇ ಎಂದು ಅವನಿಗೆ ಕರುಳು ಚುರುಕ್ ಅಂದಿತು. ಕೈಮುಗಿದು, ನಡೆಯುತ್ತಿದ್ದ ಮಷೀನಿನ ವೈರನ್ನು ಕಿತ್ತ.

ವಿಜಯದಶಮಿಯ ಬನ್ನಿ ಹಬ್ಬ ಕಳೆದು ಬಾಗಿಲು ತೆರೆದಾಗ ಗಳಗನಾಥದ ಕಡೆಯ ಖಾರಪುಡಿ ಸಂಘದ ಹೆಂಗಸರು ತಮ್ಮ ಚೀಲ ಒಯ್ಯಲು ಟೆಂಪೋ ತಂದು ನಿಲ್ಲಿಸಿದ್ದರು. ಹೊರಗಿನ ಮಷೀನು ಎದ್ದಿತು, ಒಳಗಿನದು ಏಳಲಿಲ್ಲ. ವಾಲ್ಯೂಮ್ ಕೆಟ್ಟಿದೆ, ತೆರೆಯಲಾಗದು ಎಂದಿತು. ಹಾಗೆಂದರೆ ಆ ಹೆಂಗಸರ ಚೀಲಗಳು ಯಾವ ಕೋಣೆಯಲ್ಲಿವೆ ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲ. ಸಾಹುಕಾರರು ಸೀಮೆಸುಣ್ಣ ಕೈಗೆ ತೆಗೆದುಕೊಂಡು ನನ್ನ ಹಿಂದೆ ಬಂದು ನಿಂತರು.

ಮೊದಲು ಇದ್ದುದನ್ನು ಇದ್ದ ಹಾಗೇ ಒಂದು ಪ್ರತಿ ಮಾಡಿಟ್ಟುಕೊಂಡೆ. ಆಮೇಲೆ ತಪ್ಪು ಹುಡುಕಿ ತಿದ್ದುವ ಆಜ್ಞೆ ಕೊಟ್ಟೆ. ಅದು ಒಂದೊಂದು ತಪ್ಪಿಗೂ ನಿಂತು, ಇದನ್ನು ಸರಿಮಾಡಲೇ ಎಂದು ಕೇಳುತ್ತದೆ. ನಾವು ಹೂಂ ಅನ್ನಬೇಕು. ಅಪ್ಪಣೆಯಿಲ್ಲದೆ ಮುಟ್ಟುವುದಿಲ್ಲ. ನಾನು ಓದಿ ಹೇಳಿದೆ, ಹೆಂಗಸರು ಸುತ್ತ ನಿಂತು ಒಟ್ಟಾಗಿ ಹೂಂ ಅಂದರು, ನಾನು ಒತ್ತಿದೆ. ಮತ್ತೆ ಕೇಳಿತು, ಮತ್ತೆ ಹೂಂ. ಮುಗಿಯುವ ಲಕ್ಷಣವೇ ಇಲ್ಲ. ಅವರಲ್ಲಿ ಎಲ್ಲರಿಗಿಂತ ಹಿರಿಯಳು ಎಲೆ ಅಡಿಕೆ ಬಾಯಿಯ ಒಂದು ಬದಿಗೆ ಸರಿಸಿ ಹೇಳಿದಳು:

"ನನ್ನ ಲಗ್ನದಾಗ ಒಮ್ಮಿನೂ ಕೇಳಲಿಲ್ಲ ಯವ್ವಾ. ಈ ಡಬ್ಬಿ ನೋಡು, ಎಷ್ಟು ಮರ್ಯಾದಿಲೆ ಕೇಳಾಕತ್ತೈತಿ."

ಆ ನಗುವಿನ ನಡುವೆಯೇ ಹೊಟ್ಟೆಯೊಳಗಿನ ಕೂಸು ಎದ್ದಿತು. ಚೀಲಗಳಿದ್ದ ಕೋಣೆ, ಅಟ್ಟ ಎಲ್ಲವೂ ಪರದೆಯ ಮೇಲೆ ಬಂದವು. ಸಾಹುಕಾರರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಎಲ್ಲರಿಗೂ ಚಹಾ ಹೇಳಿದರು. ಹೆಂಗಸರು ನನ್ನ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರ್ರಿ ಎಂದು ಹರಸಿ ಟೆಂಪೋ ಹತ್ತಿದರು.

ಮೇಸ್ತ್ರಿ ಮಾತ್ರ ಚಹಾ ಮುಟ್ಟಲಿಲ್ಲ. ಹಾಗಾದರೆ ಇದನ್ನು ಬಂದ್ ಮಾಡುವ ರೀತಿ ಯಾವುದು ಎಂದು ಕೇಳಿದ. ಮೊದಲು ಒಳಗಿನದನ್ನು ನಿಲ್ಲಿಸಬೇಕು, ಅದು ಪೂರ್ತಿ ನಿಂತ ಮೇಲೆ ಹೊರಗಿನದನ್ನು ಎಂದೆ.

"ಅಂದ್ರ ಮೊದಲ ಕೂಸು ಮಲಗಬೇಕು, ಆಮ್ಯಾಲೆ ತಾಯಿ. ಇಷ್ಟ ಮಾತು ಮೊದಲ ಹೇಳಿದ್ರ ಆಗತಿರಲಿಲ್ಲೇನ್ರಿ? ನಾ ಆರು ಮಕ್ಕಳ ತಂದಿ ಅದೀನಿ."

ಖಾಲಿ ಕುರ್ಚಿ

ಮರುವರ್ಷ ಪೂಜೆಗೆ ಹೋದೆ. ಹಿಂದಿನ ಸಂಜೆಯೇ ಮೇಸ್ತ್ರಿ ಪಕ್ಕದಲ್ಲಿ ನಿಂತು ಕೂಸನ್ನೂ ತಾಯಿಯನ್ನೂ ಕ್ರಮವಾಗಿ ಮಲಗಿಸಿಯಾಗಿತ್ತು. ಕೈಗಾಡಿ, ಚೀಲ ಎಳೆಯುವ ಕೊಕ್ಕೆಗಳು, ತೂಕದ ಮಷೀನು, ಕಂಪ್ಯೂಟರು ಎಲ್ಲ ಸಾಲಾಗಿ ಕೂತಿದ್ದವು. ತೂಕದ ಮಷೀನಿಗೂ ಕಂಪ್ಯೂಟರಿಗೂ ನಡುವೆ ಒಂದು ಖಾಲಿ ಕುರ್ಚಿ. ದೇವರ ಫೋಟೋ ಇಡಲು ಇರಬೇಕೆಂದುಕೊಂಡೆ.

"ಕುಂದ್ರಿ ಅಕ್ಕಾರ" ಎಂದ ಮೇಸ್ತ್ರಿ.

ಕಾಲು ನೋಯುತ್ತಿತ್ತು, ಕೂತೆ. ಅವನು ತೂಕದ ಮಷೀನಿಗೆ ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದ. ಮುಂದಿನ ಕುಂಕುಮ ನನ್ನ ಹಣೆಗೆ, ಮುಂದಿನ ಹೂವು ನನ್ನ ತಲೆಗೆ. ಗಂಡ ತೀರಿಕೊಂಡ ಮೇಲೆ ಹಬ್ಬದ ಮನೆಗಳಲ್ಲಿ ಕುಂಕುಮದ ಬಟ್ಟಲು ನನ್ನನ್ನು ದಾಟಿ ಹೋಗುವುದು ರೂಢಿಯಾಗಿತ್ತು. ನಾನು ಗಾಬರಿಯಿಂದ ಏಳಹೋದರೆ ಸಾಹುಕಾರರು ಬಲು ಗಂಭೀರವಾಗಿ, ಯಾವುದರಿಂದ ಈ ಗೋದಾಮು ನಡೆಯುತ್ತದೋ ಅದೆಲ್ಲ ಇವತ್ತು ಪೂಜೆಗೆ ಬರುತ್ತದೆ, ಅಲುಗಾಡಬೇಡಿ ಎಂದರು. ಕೊಳ್ಳೇಗಾಲದಲ್ಲೇ ಉಳಿದಿದ್ದರೆ ನನ್ನನ್ನು ಇಷ್ಟು ಗೌರವದಿಂದ ತೂಕದ ಮಷೀನಿನ ಪಕ್ಕ ಕೂರಿಸುವವರು ಯಾರಿದ್ದರು? ಕಣ್ಣು ತುಂಬಿತು. ಅವರು ಅದನ್ನು ಮೆಣಸಿನಕಾಯಿಯ ಲೆಕ್ಕಕ್ಕೆ ಹಾಕಿದರು.

ಆಮೇಲೆ ಹೋಳಿಗೆ ಬಡಿಸೋಣವೆಂದು ಎದ್ದೆ. ಮೇಸ್ತ್ರಿಯ ಹೆಂಡತಿ ಕೈಯಿಂದ ತಟ್ಟೆ ಕಿತ್ತುಕೊಂಡಳು. ಪೂಜೆಯಾದದ್ದು ಕೆಲಸ ಮಾಡುವಂತಿಲ್ಲವಂತೆ. ಎಲೆ ಎತ್ತಲೂ ಬಿಡಲಿಲ್ಲ. ಇಡೀ ದಿನ ಹೂ ಮುಡಿದು ಕೈಗಾಡಿಯ ಹಾಗೆ ಸುಮ್ಮನೆ ಕೂತಿದ್ದೆ.

ಹೊರಡುವಾಗ ಸಾಹುಕಾರರು ಬಾಗಿಲವರೆಗೆ ಬಂದರು. "ಬನ್ನಿ ಹಬ್ಬ ಮುಗಿಸಿ ಮುಂಜಾನೆ ಚಾಲೂ ಆಗತೀರಲ್ರಿ ಅಕ್ಕಾರ?"

ಆಗ್ತೀನಿ, ನನ್ನ ವಯಸ್ಸಿಗೆ ಮೇಲಿನವನು ಯಾವಾಗ ವೈರು ಕೀಳುತ್ತಾನೋ ಹೇಳಲಾಗದು, ಅಷ್ಟೇ ಎಂದೆ.

ಮೇಸ್ತ್ರಿ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಅವಗೇನು ಗೊತ್ತೈತ್ರಿ ಬಂದ್ ಮಾಡೂ ರೀತಿ? ನನ್ನ ಕೇಳಿ ಮಾಡು ಅಂತ ಹೇಳತೀನಿ, ನೀವು ಹೋಗಿ ಬರ್ರಿ."